ಲಾಂಡ್ರಿ ಅಕ್ಕನ ಬಾಯಿ

ಲಾಂಡ್ರಿ ಅಕ್ಕ ಬಾಯಾಳಿ. ಅವಳ ಹೊಟ್ಟೆಯಲ್ಲಿ ಯಾವ ಮಾತೂ ಒಂದು ಹಗಲು ದಾಟಿ ಉಳಿದದ್ದಿಲ್ಲ. ಕೇಳಿದವರಿಗೆ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು, ಕೇಳುವುದು ಬೇಡವೆಂದು ಎದ್ದು ಹೊರಟವರ ಹಿಂದೆ ಬಾಗಿಲ ತನಕ ಬಂದು ಉಳಿದರ್ಧವನ್ನು ಹೇಳಿ ಮುಗಿಸುತ್ತಿದ್ದಳು. ಇದು ಅದೇ ಬೀದಿಯ ಮೂರನೆಯ ಮನೆಯ ಟೀಚರಮ್ಮ ಕೊಟ್ಟ ತೀರ್ಪು. ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತಳಾದ ಹೆಂಗಸು ಅವಳು. ಒಮ್ಮೆ ಹಾಕಿದ ಅಂಕವನ್ನು ತಿದ್ದುವ ಅಭ್ಯಾಸ ಅವಳಿಗಿರಲಿಲ್ಲ.

ಲಾಂಡ್ರಿ ಎಂದರೆ ಮುಂದೊಂದು ಕೌಂಟರ್, ಒಳಗೆ ಬಾಯ್ಲರ್, ಅದರ ಪಕ್ಕ ಹಳೆಯ ಕಂಬಳಿ ಹೊದಿಸಿದ ಇಸ್ತ್ರಿ ಮೇಜು, ಅದರಾಚೆ ಹಿತ್ತಲು. ಹಿತ್ತಲಿನಲ್ಲಿ ಆರು ಸಾಲು ತಂತಿ. ಗೋಡೆ ಎದೆಯ ಮಟ್ಟಕ್ಕೂ ಇರಲಿಲ್ಲವಾದ್ದರಿಂದ ಪಕ್ಕದ ಓಣಿಯಲ್ಲಿ ಓಡಾಡುವವರಿಗೆಲ್ಲ ತಂತಿಯ ಮೇಲೇನಿದೆ ಎಂಬುದು ಕಾಣುತ್ತಿತ್ತು. ಬಟ್ಟೆಗಳು ಅದಲುಬದಲಾಗದಂತೆ ಪ್ರತಿ ಮನೆಗೂ ಅಂಚಿನಲ್ಲಿ ದಾರದ ಗುರುತು. ಟೀಚರಮ್ಮನ ಮನೆಗೆ ಎರಡು ಕೆಂಪು ಹೊಲಿಗೆ, ಒಂದು ನೀಲಿ. ಆದರೆ ಲಾಂಡ್ರಿ ಅಕ್ಕನಿಗೆ ಆ ಗುರುತೂ ಬೇಕಿರಲಿಲ್ಲ. ಬಟ್ಟೆ ಕೈಗೆ ಬಂದರೆ ಸಾಕು, ಮನೆಯೇ ಕೈಗೆ ಬಂದ ಹಾಗೆ. ಬ್ರೆಡ್ ಅಂಗಡಿಯವನ ಮಗಳು ಬಸುರಿಯೆಂದು ಹೆತ್ತ ತಾಯಿಗಿಂತ ಎಂಟು ದಿನ ಮೊದಲೇ ತಿಳಿದವಳು ಅವಳು. ಮೂಲೆಮನೆಯ ಗುಮಾಸ್ತ ಹೆಂಡತಿಯೊಡನೆ ಮುನಿಸಿಕೊಂಡು ಹಜಾರದ ಬೆಂಚಿನ ಮೇಲೆ ಮಲಗುತ್ತಿದ್ದಾನೆಂದು ಹೊದಿಕೆಯ ಸುಕ್ಕು ನೋಡಿ ಹೇಳಿದಳು. ಅವರಿಬ್ಬರು ರಾಜಿಯಾದ ಸುದ್ದಿಯನ್ನೂ ಬೀದಿಗೆ ಮುಟ್ಟಿಸಿದವಳು ಅವಳೇ.

ಹಾಗಿದ್ದೂ ಜನ ಅವಳಿಗೇ ಬಟ್ಟೆ ಕೊಡುತ್ತಿದ್ದರು. ಅವಳಂತೆ ಕಲೆ ತೆಗೆಯುವವರು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ. ಅಲ್ಲದೆ, ಬೇರೆ ಕಡೆ ಕೊಟ್ಟರೆ ಯಾಕೆ ಕೊಟ್ಟರು ಎಂಬುದೇ ಒಂದು ಸುದ್ದಿಯಾಗುತ್ತಿತ್ತು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿದ್ದ, ಐವತ್ತನಾಲ್ಕರ, ತೋರ ಮುಂಗೈಗಳ ಹೆಂಗಸು. ಮಕ್ಕಳಿಲ್ಲ. ಮಾತೇ ಅವಳ ಸಂಸಾರ ಎಂದು ಬೀದಿಯವರು ನಗುತ್ತಿದ್ದರು.

ಯುದ್ಧಕ್ಕೆ ಆಗ ನಾಲ್ಕನೆಯ ವರ್ಷ. ಹಡಗು ಹತ್ತಿ ಹನ್ನೊಂದು ದಿನ ಹೋದರೆ ಸಿಗುವ ದೇಶ ಅದು. ಅಲ್ಲಿಯವರು ಈ ಊರಿನವರಿಗೆ ಮಾಡಿದ ಕೇಡೇನು ಎಂಬುದನ್ನು ಮಂತ್ರಿಗಳು ಮೂರು ಸಲ ಮೂರು ಬಗೆಯಾಗಿ ವಿವರಿಸಿದ್ದರು. ಮೊದಲ ವರ್ಷ ಹುಡುಗರನ್ನು ಬ್ಯಾಂಡ್ ಬಾರಿಸಿ ಕಳುಹಿಸಿದ್ದರು. ಈಗ ಮುಚ್ಚಿದ ಲಾರಿಗಳಲ್ಲಿ, ಗೋದಾಮುಗಳ ಹಿಂದಿನ ರಸ್ತೆಯಲ್ಲಿ ಸಾಗಿಸುತ್ತಿದ್ದರು. ಯುದ್ಧ ಬೇಡ ಎನ್ನುವವರು ಗೋಡೆಯ ಮೇಲೆ ಬರೆಯುವುದು, ಪುರಸಭೆಯವರು ಅದಕ್ಕೆ ಸುಣ್ಣ ಬಳಿಯುವುದು, ಹೀಗೆ ಊರಿನ ಗೋಡೆಗಳು ದಪ್ಪವಾಗುತ್ತ ಬಂದಿದ್ದವು. ಮರಳಿ ಬಂದ ಹುಡುಗರನ್ನು ಮಾತಾಡಿಸುವವರೇ ಇರಲಿಲ್ಲ. ಯುದ್ಧ ಬೇಕೆಂದವರು ಗೆದ್ದು ಬರಲಿಲ್ಲವೆಂದು ಮುಖ ತಿರುಗಿಸುತ್ತಿದ್ದರು. ಬೇಡವೆಂದವರು ಹೋದದ್ದೇ ತಪ್ಪೆಂದು.

ದಂಡಿನ ಆಸ್ಪತ್ರೆಯ ಹೊದಿಕೆಗಳು ಒಂದು ವರ್ಷ ಲಾಂಡ್ರಿ ಅಕ್ಕನ ಬಾಯ್ಲರಿಗೇ ಬರುತ್ತಿದ್ದವು. ಆ ವಾರ ಹನ್ನೆರಡು ಜನ ಗಾಯಾಳುಗಳು ಬಂದರೆಂದು ಪತ್ರಿಕೆಯಲ್ಲಿ ಅಚ್ಚಾದ ದಿನ ಅವಳು ಕೌಂಟರಿಗೆ ಮೊಣಕೈ ಊರಿ ಕೇಳಿದ್ದಳು:

“ಹನ್ನೆರಡು ಜನಕ್ಕೆ ನಾನೂರು ಹೊದಿಕೆ ಯಾಕ್ರೀ? ಒಬ್ಬೊಬ್ಬ ಮೂವತ್ತು ಹೊದ್ಕೊಂಡು ಮಲಗ್ತಾನಾ?”

ಆ ಪ್ರಶ್ನೆ ಎರಡು ದಿನದಲ್ಲಿ ಊರೆಲ್ಲ ಸುತ್ತಿತು. ಮೂರನೆಯ ದಿನ ಆಸ್ಪತ್ರೆಯ ಕೆಲಸ ಕೈತಪ್ಪಿತು, ಅದರೊಂದಿಗೆ ಅವಳ ಅರ್ಧ ಸಂಪಾದನೆಯೂ. ಬಾಯಿಂದಲೇ ತುತ್ತು ಕಳೆದುಕೊಂಡವಳು ಎಂದಳು ಟೀಚರಮ್ಮ. ಅವಳಿಗೂ ಯುದ್ಧ ಹಿಡಿಸುತ್ತಿರಲಿಲ್ಲ, ಆದರೆ ಬಾಯಿಬಡುಕತನ ಅದಕ್ಕಿಂತ ಕಡಿಮೆ ಹಿಡಿಸುತ್ತಿತ್ತು.

ಟೀಚರಮ್ಮನ ಒಬ್ಬನೇ ಮಗ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವನು. ಯುದ್ಧದ ಎರಡನೆಯ ವರ್ಷ ಪಟ್ಟಿಯಲ್ಲಿ ಅವನ ಹೆಸರು ಬಂತು, ಹೋದ. ಈ ನಾಲ್ಕನೆಯ ವರ್ಷ ಭುಜದ ಗಾಯದೊಂದಿಗೆ ನಲವತ್ತು ದಿನದ ರಜೆಯ ಮೇಲೆ ಬಂದ. ರಜೆ ಮುಗಿದ ಬೆಳಿಗ್ಗೆ ಸಮವಸ್ತ್ರ ತೊಟ್ಟು, ಚೀಲ ಹೊತ್ತು, ಇಡೀ ಬೀದಿ ನೋಡುತ್ತಿದ್ದಂತೆ ಮುಂಬಾಗಿಲಿನಿಂದ ಹೊರಟ. ನಾಲ್ಕು ದಿನದ ಮೇಲೆ, ಊಟದ ಹೊತ್ತಿಗೆ ಎಲ್ಲರೂ ಒಳಗಿರುವಾಗ, ಹಿಂಬಾಗಿಲಿನಿಂದ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ಟೀಚರಮ್ಮ ಮೊದಲು ಬಾಗಿಲ ಚಿಲಕ ಹಾಕಿದಳು. ಆಮೇಲೆ ತಟ್ಟೆ ಇಟ್ಟಳು.

ಅವನು ಕಾರಣ ಹೇಳಿದ್ದು ಒಂದೇ ಸಲ. ಅಲ್ಲಿ ಒಂದು ಸೇತುವೆಯ ತಪಾಸಣೆಗೆ ಅವರ ತಂಡವನ್ನು ಹಾಕಿದ್ದರು. ಗಿರಣಿ ಕೆಲಸ ಮುಗಿಸಿದ ಹೆಂಗಸರು ಗಂಡಸರು ತುಂಬಿದ್ದ ಲಾರಿಯೊಂದು ಇಳಿಜಾರಿನಲ್ಲಿ ಬಂತು. ಕೈ ಮಾಡಿದರೂ ನಿಲ್ಲಲಿಲ್ಲ. ನಿಲ್ಲದಿದ್ದರೆ ಏನು ಮಾಡಬೇಕೆಂಬ ಆಜ್ಞೆ ಮೊದಲೇ ಇತ್ತು, ಹಾಗೆಯೇ ಮಾಡಿದರು. ಆಮೇಲೆ ಲಾರಿಯನ್ನು ದಾರಿಯಿಂದ ಸರಿಸಲು ಮೆಕ್ಯಾನಿಕ್ ಬೇಕಾಯಿತು, ಇವನನ್ನು ಕರೆದರು. ಚಾಲಕನ ಕಾಲ ಬಳಿ ಬಗ್ಗಿ ನೋಡಿದ.

“ಬ್ರೇಕೇ ಇರಲಿಲ್ಲಮ್ಮ. ಪೆಡಲ್‌ಗೆ ತಂತಿ ಸುತ್ತಿ ಕಟ್ಟಿದ್ರು. ಅವರು ನಿಲ್ಲಿಸಲಿಲ್ಲ ಅಂತಲ್ಲ, ಅವರಿಂದ ನಿಲ್ಲಿಸೋಕೆ ಆಗಲಿಲ್ಲ. ಅರ್ಧ ಗಂಟೆ ಕೊಟ್ಟಿದ್ರೆ ನಾನೇ ಸರಿ ಮಾಡಿಕೊಡ್ತಿದ್ದೆ.”

ಮರುದಿನದಿಂದ ಅವನು ಮನೆಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ರಿಪೇರಿ ಮಾಡತೊಡಗಿದ: ತೊಟ್ಟಿಕ್ಕುವ ನಲ್ಲಿ, ನಿಂತ ಗಡಿಯಾರ, ಅಜ್ಜಿಯ ಕುರ್ಚಿಯ ಕಾಲು. ಸುತ್ತಿಗೆ ಮಾತ್ರ ಮುಟ್ಟಲಿಲ್ಲ, ಸದ್ದಾಗುತ್ತದೆಂದು.

ಓಡಿಬಂದವನಿಗೆ ಹತ್ತು ವರ್ಷ ಸೆರೆ, ಅಡಗಿಸಿಟ್ಟವರಿಗೆ ಐದು. ಐವತ್ತೊಂಬತ್ತಕ್ಕೆ ಐದು ಕೂಡಿಸಿದರೆ ಅರವತ್ತನಾಲ್ಕು, ಅದು ಟೀಚರಮ್ಮನಿಗೆ ದೊಡ್ಡದಾಗಿ ಕಾಣಲಿಲ್ಲ. ಇಪ್ಪತ್ತನಾಲ್ಕಕ್ಕೆ ಹತ್ತು ಕೂಡಿಸುವುದಕ್ಕೆ ಮಾತ್ರ ಮನಸ್ಸು ಬರಲಿಲ್ಲ. ಡಿಪೊದ ಹಳೆಯ ಫೋರ್‌ಮನ್ ಒಂದು ದಾರಿ ತೋರಿಸಿದ್ದ. ಕೆಟ್ಟ ಬಸ್ಸುಗಳನ್ನು ಎಳೆದು ತರುವ ವ್ಯಾನು ಗಡಿಯ ಕಡೆಗೆ ಹೋಗುವುದು ಮುಂದಿನ ವಾರದ ಮಂಗಳವಾರ. ಗಡಿಯಾಚೆ ಅವನ ಭಾವಮೈದನದೊಂದು ಮರ ಕೊಯ್ಯುವ ಮಿಲ್ಲು. ಕೈ ಕೆಲಸ ಬಲ್ಲ ಹುಡುಗನನ್ನು ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಅಲ್ಲಿಯ ತನಕ ಬೀದಿಗೆ ಗೊತ್ತಾಗಬಾರದು. ಬೀದಿಗೆ ಗೊತ್ತಾಗಬಾರದು ಎಂದರೆ ಲಾಂಡ್ರಿ ಅಕ್ಕನಿಗೆ ಗೊತ್ತಾಗಬಾರದು.

ಆದ್ದರಿಂದ ಮಗನ ಬಟ್ಟೆಗಳನ್ನು ಟೀಚರಮ್ಮ ತಾನೇ ಬಚ್ಚಲಲ್ಲಿ ಒಗೆದು ಒಲೆಯ ಪಕ್ಕ ಕುರ್ಚಿಯ ಬೆನ್ನಿಗೆ ಒಣಹಾಕುತ್ತಿದ್ದಳು. ಲಾಂಡ್ರಿಗೆ ಎಂದಿನಂತೆ ಎರಡು ಹೊದಿಕೆ, ಎರಡು ದಿಂಬಿನ ಚೀಲ, ತನ್ನವೂ ಅತ್ತೆಯವೂ ಆದ ಬಟ್ಟೆಗಳು, ಮೇಲೊಂದು ಚೀಟಿ. ಅಷ್ಟು ವರ್ಷದಲ್ಲಿ ಆ ಚೀಟಿಗೂ ಗಂಟಿಗೂ ಒಂದು ಕರವಸ್ತ್ರದಷ್ಟೂ ವ್ಯತ್ಯಾಸ ಬಂದಿರಲಿಲ್ಲ.

ಅತ್ತೆಗೆ ಎಂಬತ್ತಾರು, ಕಿವಿ ಪೂರಾ ಮಂದ. ಮೊಮ್ಮಗ ಹೋದದ್ದು ಅವಳ ಲೆಕ್ಕದಲ್ಲಿ ಪೇಟೆಗೆ, ಬಂದದ್ದೂ ಪೇಟೆಯಿಂದ. ಇಡೀ ಬೀದಿಗೆ ಕೇಳುವ ಹಾಗೆ “ಮಗು ತಿಂತೇನೇ?” ಎಂದು ಕೂಗುತ್ತಿದ್ದಳು. ಅತ್ತೆ ಬೆಕ್ಕೊಂದನ್ನು ಸಾಕಿಕೊಂಡಿದ್ದಾರೆ ಎಂದು ಟೀಚರಮ್ಮ ನೆರೆಯವರಿಗೆ ಹೇಳಿದಳು. ಬದುಕಿನಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು, ಚೆನ್ನಾಗಿಯೂ ಬಂದಿರಲಿಲ್ಲ.

ಸೋಮವಾರ ಗಂಟು ಲಾಂಡ್ರಿಗೆ ಹೋಯಿತು. ಸಂಜೆ ನೋಡಿದರೆ ಕುರ್ಚಿಯ ಮೇಲಿದ್ದ ಬನಿಯನ್ ಇಲ್ಲ. ಅದು ದಂಡಿನ ಬನಿಯನ್, ಕೆಳಗಿನ ಅಂಚಿನ ಒಳಗೆ ಮಗನ ನಂಬರನ್ನು ಕಪ್ಪು ಶಾಯಿಯಲ್ಲಿ ಒತ್ತಿದ್ದರು. ಅತ್ತೆಯ ಕಿವಿಗೆ ಬಾಯಿಟ್ಟು ಕೇಳಿದಾಗ ಅವಳು ಸಂತೋಷದಿಂದ ಹೇಳಿದಳು:

“ಕುರ್ಚಿ ಮೇಲೆ ಕೊಳೆ ಬಿದ್ದಿತ್ತು ಕಣೇ. ಗಂಟಿನೊಳಗೆ ತುರುಕಿದೆ. ಎಲ್ಲಾ ನೀನೊಬ್ಬಳೇ ಎಷ್ಟು ಅಂತ ಮಾಡ್ತೀಯ.”

ಟೀಚರಮ್ಮ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಲಾಂಡ್ರಿಯಲ್ಲಿ ನಾಲ್ಕು ಹೆಂಗಸರು ಕೌಂಟರಿಗೆ ಒರಗಿ ನಿಂತಿದ್ದರು, ಬ್ರೆಡ್ ಅಂಗಡಿಯವನ ಅಳಿಯನ ಕುಡಿತದ ಮಾತು ನಡೆದಿತ್ತು. ಚೀಟಿ ಬರೆಯುವಾಗ ಒಂದು ತಪ್ಪಾಗಿರಬಹುದು, ಗಂಟನ್ನು ಒಮ್ಮೆ ನೋಡಬೇಕು ಎಂದಳು. ಲಾಂಡ್ರಿ ಅಕ್ಕ ಅವಳನ್ನು ಒಂದು ಕ್ಷಣ ನೋಡಿದಳು.

“ನೀವು ತಪ್ಪು ಮಾಡೋದುಂಟಾ ಟೀಚರಮ್ಮ? ನಿಮ್ಮ ಲೆಕ್ಕ ಸರಿಯಾಗೇ ಇದೆ. ಬಾಯ್ಲರ್‌ಗೆ ಹಾಕಿದ್ದೂ ಆಯ್ತು,” ಎಂದು ಮತ್ತೆ ಅಳಿಯನ ಕಡೆ ತಿರುಗಿದಳು.

ಗುರುವಾರ ಗಂಟು ತರಲು ಹೋದಾಗ ಟೀಚರಮ್ಮ ತನ್ನ ಪದ್ಧತಿಯಂತೆ ಅದನ್ನು ಕೌಂಟರಿನ ಮೇಲೆಯೇ ಬಿಚ್ಚಿ, ಒಂದೊಂದಾಗಿ ಎತ್ತಿ ಎಣಿಸಿದಳು. ಚೀಟಿಯಲ್ಲಿದ್ದದ್ದೆಲ್ಲ ಇತ್ತು. ಬನಿಯನ್ ಇರಲಿಲ್ಲ. ಕೇಳುವ ಹಾಗಿಲ್ಲ, ಸುಮ್ಮನಿರುವ ಹಾಗೂ ಇಲ್ಲ. ಮನೆಗೆ ಬಂದು ಮಗನ ಚೀಲ ಕಟ್ಟಿದಳು. ಅವನನ್ನು ಎಲ್ಲಿಗೆ ಕಳುಹಿಸುವುದೆಂದು ಗೊತ್ತಾಗದೆ ಮತ್ತೆ ಬಿಚ್ಚಿಟ್ಟಳು.

ಶುಕ್ರವಾರ ಕೈಪಟ್ಟಿಯವರು ಬಂದರು. ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡು, ಓಡಿಬಂದ ಸೈನಿಕರನ್ನು ಹುಡುಕುವ ದಂಡಿನ ಪೊಲೀಸರು; ಒಬ್ಬ ಉದ್ದ, ಒಬ್ಬ ದಪ್ಪ ಮೀಸೆ. ಬೀದಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಲಾಂಡ್ರಿ ಅಕ್ಕನನ್ನು ಕೇಳಿ, ಅವಳಿಗೆ ಗೊತ್ತಿಲ್ಲದ್ದು ಇಲ್ಲಿ ನಡೆಯುವುದಿಲ್ಲ. ಅವರು ಹೋಗಿ ಲಾಂಡ್ರಿಯ ಬೆಂಚಿನ ಮೇಲೆ ಕೂತರು. ಟೀಚರಮ್ಮ ಪರದೆಯ ಅಂಚಿನಿಂದ ನೋಡುತ್ತ ನಿಂತಳು. ಒಂದು ಗಂಟೆಯಾಯಿತು, ಎರಡಾಯಿತು. ಒಳಗೆ ಮಗ ಹಳೆಯ ರೇಡಿಯೊ ಬಿಚ್ಚಿ ಮೇಜಿನ ತುಂಬ ಹರಡಿಕೊಂಡು ಕೂತಿದ್ದ. ಅವನಿಗೆ ಅವಳೇನೂ ಹೇಳಲಿಲ್ಲ; ಓಡಿದರೆ ಬೀದಿಯ ಎರಡೂ ತುದಿಯಲ್ಲಿ ಜೀಪುಗಳಿದ್ದವು.

ಕೊನೆಗೆ ಕೈಪಟ್ಟಿಯವರು ಹೊರಗೆ ಬಂದರು. ಇಬ್ಬರೂ ನಗುತ್ತಿದ್ದರು. ಮೂರನೆಯ ಮನೆಯ ಮುಂದೆ ಬಂದರು. ದಪ್ಪ ಮೀಸೆಯವನು ಕಿಟಕಿಯ ಕಡೆ ನೋಡಿ, ವಯಸ್ಸಾದವರಿಗೆ ಕೊಡುವ ಮರ್ಯಾದೆಯಿಂದ ಟೋಪಿ ಮುಟ್ಟಿದ. ನಿಲ್ಲದೆ ಮುಂದೆ ಹೋದರು.

ಏನಾಯಿತೆಂದು ತಿಳಿದದ್ದು ಶನಿವಾರ ಬೆಳಿಗ್ಗೆ, ಬ್ರೆಡ್ ಅಂಗಡಿಯಲ್ಲಿ. ಬ್ರೆಡ್ ಅಂಗಡಿಯವನ ಹೆಂಡತಿ ಆ ಎರಡು ಗಂಟೆಯೂ ಲಾಂಡ್ರಿಯಲ್ಲಿದ್ದವಳು. ತನ್ನ ಅಳಿಯನ ಕುಡಿತ ಬೀದಿಗೆ ಮರೆತುಹೋಗುವಂಥ ಸುದ್ದಿ ಸಿಕ್ಕಿತ್ತಲ್ಲ, ಆ ಖುಷಿ ಮುಖದಲ್ಲಿ ಕುಣಿಯುತ್ತಿತ್ತು.

“ನಮ್ಮ ಅಕ್ಕನಿಗೆ ಈ ವಯಸ್ಸಲ್ಲಿ ಜೊತೆ ಸಿಕ್ಕಿದ್ದಾನೆ ಟೀಚರಮ್ಮ. ಕೇಳಿದ್ರಾ?”

ನಡೆದದ್ದು ಹೀಗೆ. ಕೈಪಟ್ಟಿಯವರ ಕಾಗದದಲ್ಲಿ ಟೀಚರಮ್ಮನ ಮಗನ ಹೆಸರಿತ್ತು. ಆ ಮನೆಯ ಬಗ್ಗೆ ಕೇಳಿದಾಗ ಲಾಂಡ್ರಿ ಅಕ್ಕ, ಎರಡೇ ದಿಂಬಿನ ಚೀಲ ಬರುವ ಮನೆ ಅದು, ಮೂರನೆಯ ತಲೆ ಇದ್ದಿದ್ದರೆ ನನಗೆ ಗೊತ್ತಾಗದೆ ಇರುತ್ತಿತ್ತೇ, ನನಗೆ ಗೊತ್ತಾಗಿದ್ದರೆ ಊರಿಗೆ ಗೊತ್ತಾಗದೆ ಇರುತ್ತಿತ್ತೇ ಎಂದು ಕೇಳಿದ್ದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕು ಹೌದೆಂದಿದ್ದರು. ಉದ್ದನೆಯವನು ಆ ಹೆಸರಿನ ಎದುರು ಏನೋ ಗೀಚಿದ. ಅಷ್ಟರಲ್ಲಿ ದಪ್ಪ ಮೀಸೆಯವನು ಹಿತ್ತಲಿಗೆ ಇಣುಕಿ, ಕೊನೆಯ ತಂತಿಯ ಮೇಲೆ ಒಂಟಿಯಾಗಿ ತೂಗುತ್ತಿದ್ದ ಗಂಡಸಿನ ಬನಿಯನ್ ನೋಡಿದ. ಅವನು ಹಿಂದೆ ದಂಡಿನ ಉಗ್ರಾಣದಲ್ಲಿದ್ದವನು, ನೇಯ್ಗೆ ನೋಡಿಯೇ ಗುರುತಿಸಿದ. ಹಳೆ ಬಟ್ಟೆಯ ಅಂಗಡಿಗಳಲ್ಲಿ ಅಂಥವು ರಾಶಿ ರಾಶಿ ಸಿಗುತ್ತವೆಂಬುದು ಅವನಿಗೂ ಗೊತ್ತು. ಆದರೂ ಗಿರಾಕಿಯ ಗುರುತಿನ ದಾರವಿಲ್ಲ, ನೀನೋ ಒಂಟಿ ಹೆಂಗಸು, ಯಾರದು ಎಂದ. ಲಾಂಡ್ರಿ ಅಕ್ಕ ಸುಮ್ಮನಾದಳು.

“ಅವಳು ಸುಮ್ಮನಾದದ್ದನ್ನ ನಾನು ನೋಡಿದ್ದು ಅದೇ ಮೊದಲು. ಆಮೇಲೆ ಹೇಳಿದಳು ನೋಡಿ, ‘ನನ್ನ ಮನೆಗೆ ಬರ್ತಾನಲ್ಲ, ಅವನದು. ಹೆಸರು ಕೇಳಬೇಡಿ ಸ್ವಾಮಿ, ಅವನಿಗೆ ಹೆಂಡತಿ ಇದ್ದಾಳೆ’ ಅಂತ. ದಪ್ಪ ಮೀಸೆ ಬೆಂಚಿನಿಂದ ಬೀಳೋ ಹಾಗೆ ನಕ್ಕ. ಮತ್ತೆ ಈ ಕಡೆ ಬಂದಾಗ ನಿನ್ನ ಗಂಡಸನ್ನ ನೋಡಿಕೊಂಡೇ ಹೋಗ್ತೀನಿ ಅಂದ.”

ಟೀಚರಮ್ಮ ಬ್ರೆಡ್ಡನ್ನು ಅಲ್ಲಿಯೇ ಮರೆತು ನೇರವಾಗಿ ಲಾಂಡ್ರಿಯ ಹಿತ್ತಲಿಗೆ ನಡೆದಳು.

ತಂತಿಯ ಮೇಲೆ ಬನಿಯನ್ ಒಂಟಿಯಾಗಿರಲಿಲ್ಲ. ಅದರ ಪಕ್ಕದಲ್ಲಿ ನೀರು ತೊಟ್ಟಿಕ್ಕುತ್ತಿದ್ದ ಎರಡು ಅಂಗಿ, ಒಂದು ಪ್ಯಾಂಟು. ಬನಿಯನ್ನಿನ ಅಂಚು ತಿರುಗಿಸಿ ನೋಡಿದಳು. ನಂಬರಿದ್ದಲ್ಲಿ ಹೊಸ ಬಿಳಿ ತುಂಡೊಂದನ್ನು, ಕಣ್ಣಿಟ್ಟು ನೋಡದಿದ್ದರೆ ತಿಳಿಯದಷ್ಟು ಸಣ್ಣ ಹೊಲಿಗೆಯಲ್ಲಿ ಕೂರಿಸಲಾಗಿತ್ತು. ಲಾಂಡ್ರಿ ಅಕ್ಕ ಬಾಯ್ಲರಿನ ಕೋಣೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

“ನಂಬರನ್ನ ಬೆಂಕಿಗೆ ಹಾಕಿದೆ,” ಎಂದಳು. “ಬನಿಯನ್‌ನ ನಿಮ್ಮ ಗಂಟಿನಲ್ಲೇ ಕಟ್ಟಿಕೊಡೋಣ ಅಂತಿದ್ದೆ. ನೀವೋ ನಾಲ್ಕು ಜನರ ಮುಂದೆ ಬಿಚ್ಚಿ, ಒಂದೊಂದನ್ನೂ ಗಾಳಿಯಲ್ಲಿ ಎತ್ತಿ ಎಣಿಸ್ತೀರಲ್ಲ.”

ಸರಿಯಾಗಿ ಎಣಿಸುವುದು ತಪ್ಪೆಂದು ಟೀಚರಮ್ಮನಿಗೆ ಅಲ್ಲಿಯ ತನಕ ಯಾರೂ ಹೇಳಿರಲಿಲ್ಲ.

ತೇಪೆ ಹೊಲಿದು ಮತ್ತೆ ಒಗೆದದ್ದನ್ನು ಒಣಗಿಸದೆ ಮುದುರಿಡುವುದು ತನ್ನ ಕೈಲಾಗದು, ತಂತಿಗೆ ಹಾಕಿದ್ದು ತನ್ನದೇ ತಪ್ಪು, ಆಮೇಲೆ ಬಾಯಿಗೆ ಬಂದದ್ದನ್ನು ಹೇಳಿದೆ ಎಂದು ಲಾಂಡ್ರಿ ಅಕ್ಕ ವಿವರಿಸಿದಳು. ಆದರೆ ಮನೆಗೆ ಬರುವ ಗಂಡಸಿಗೆ ಒಂದೇ ಬನಿಯನ್ ಇದ್ದರೆ ಯಾರು ನಂಬುತ್ತಾರೆ? ಅವರು ಮತ್ತೆ ಬರುತ್ತೇವೆಂದಿದ್ದಾರೆ. ಅದಕ್ಕೇ ಟ್ರಂಕು ತೆಗೆದಳು. ಒಂಬತ್ತು ವರ್ಷದಿಂದ ಇಸ್ತ್ರಿ ಮಾಡಿ, ನುಸಿಗುಳಿಗೆ ಹಾಕಿ ಇಟ್ಟಿದ್ದ ಗಂಡನ ಅಂಗಿಗಳು ಅದರಲ್ಲಿದ್ದವು. ತೊಟ್ಟು ಬಿಟ್ಟ ಬಟ್ಟೆಯ ಹಾಗೆ ಕಾಣಲೆಂದು ಒಂದೊಂದನ್ನೇ ನೆನೆಸಿ ತಂತಿಗೆ ಹಾಕುತ್ತಿದ್ದಳು.

“ಬದುಕಿದ್ದಾಗ ಇವನ ಕಾಲರ್ ಉಜ್ಜೋವಾಗ ಬೈಯದ ದಿನ ಇರಲಿಲ್ಲ,” ಎಂದಳು. “ಈಗ ಕೊಳೆಯೇ ಇಲ್ಲದ್ದನ್ನ ಒಗೀತಿದ್ದೀನಿ.”

“ಜನ ಏನೇನೋ ಆಡಿಕೊಳ್ತಿದ್ದಾರೆ,” ಎಂದಳು ಟೀಚರಮ್ಮ.

“ಆಡಿಕೊಳ್ಳಲಿ ಬಿಡಿ. ಅವರದ್ದನ್ನೆಲ್ಲ ಇಷ್ಟು ವರ್ಷ ನಾನು ಆಡಿಲ್ವಾ? ಹುಡುಗ ಯಾವತ್ತು ಹೊರಡ್ತಾನೆ ಅಂತ ಮಾತ್ರ ನನಗೆ ಹೇಳಬೇಡಿ. ನನ್ನ ಬಾಯಿ ನಿಮಗೆ ಗೊತ್ತಲ್ಲ.”

ಟೀಚರಮ್ಮ ಹೇಳಲಿಲ್ಲ. ಮುಂದಿನ ಮೂರು ದಿನ ಬೀದಿಗೆ ಬೇರೆ ಮಾತೇ ಇರಲಿಲ್ಲ. ಗುಮಾಸ್ತನ ಹೆಂಡತಿ, ಇಂಥವಳ ಕೈಗೆ ಗಂಡನ ಅಂಗಿ ಕೊಡುವುದಿಲ್ಲವೆಂದು ಬಟ್ಟೆಯನ್ನು ಆಚೆ ಬೀದಿಗೆ ಸಾಗಿಸಿದಳು. ಗಿರಾಕಿಗಳು ನಿಮ್ಮವನು ಇವತ್ತು ಬಂದಿದ್ದನಾ, ನಾಳೆ ಬರುತ್ತಾನಾ ಎಂದು ಕೆಣಕುತ್ತಿದ್ದರು. ಲಾಂಡ್ರಿ ಅಕ್ಕ ಅವನಿಗೊಂದು ಕೆಮ್ಮು ಕೊಟ್ಟಳು, ಉಪ್ಪು ಕಡಿಮೆಯಾದರೆ ಮುಖ ಊದಿಸುವ ಚಾಳಿ ಕೊಟ್ಟಳು, ಕೊನೆಗೆ ಗೊರಕೆಯನ್ನೂ ಕೊಟ್ಟಳು. ಕೇಳಿ ಕೇಳಿ ಟೀಚರಮ್ಮನಿಗೇ ಒಮ್ಮೊಮ್ಮೆ ಆ ಗಂಡಸು ಇರುವನೇನೋ ಎನ್ನಿಸುತ್ತಿತ್ತು.

ಮಂಗಳವಾರ ಹಾಡುಹಗಲಿನಲ್ಲಿ ಡಿಪೊದ ವ್ಯಾನು ಬೀದಿಗೆ ಬಂದು ನಿಂತಿತು. ಫೋರ್‌ಮನ್ ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಬೈದ. ಎಣ್ಣೆಯ ಕಲೆಯಾದ ಕೆಲಸದ ಉಡುಪು ತೊಟ್ಟ ಮೆಕ್ಯಾನಿಕ್ ಒಬ್ಬ ಓಣಿಯಿಂದ ಪೆಟ್ಟಿಗೆ ಹಿಡಿದು ಬಂದು, ಬಗ್ಗಿ ಏನೋ ತಿರುಪಿ, ವ್ಯಾನು ಹತ್ತಿದ. ಮೆಕ್ಯಾನಿಕ್ಕುಗಳ ಮುಖವನ್ನು ಯಾರೂ ನೋಡುವುದಿಲ್ಲ. ಟೀಚರಮ್ಮ ಕಿಟಕಿಗೂ ಬರಲಿಲ್ಲ. ಒಳಗೆ ಅತ್ತೆಯ ಕುರ್ಚಿಯ ಕೈ ಹಿಡಿದು ನಿಂತಿದ್ದಳು. ಕುರ್ಚಿ ಅಲುಗಲಿಲ್ಲ, ಅಷ್ಟು ಗಟ್ಟಿಯಾಗಿ ರಿಪೇರಿ ಮಾಡಿದ್ದ. ಬುಧವಾರ ಮಧ್ಯಾಹ್ನ ಫೋರ್‌ಮನ್ ಮನೆಯ ಮುಂದೆ ಹಾದುಹೋಗುತ್ತ ಎರಡು ಸಲ ಕೆಮ್ಮಿದ. ಮಿಲ್ಲು ಸೇರಿದ್ದಾನೆ ಎಂದು ಅದರರ್ಥ.

ಟೀಚರಮ್ಮ ಆಗಲೇ ಲಾಂಡ್ರಿಯ ಹಿತ್ತಲಿಗೆ ಹೋದಳು. ಏನೇನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡಿದ್ದಳು. ಹೊರಟದ್ದು ಎರಡೇ ಮಾತು.

“ಇನ್ನು ಸಾಕು.”

ಲಾಂಡ್ರಿ ಅಕ್ಕ ಟ್ರಂಕಿನ ಮುಂದೆ ಕೂತಿದ್ದಳು. ಯಾಕೆ, ಏನು, ಎಲ್ಲಿಗೆ ಎಂದು ಒಂದೂ ಕೇಳಲಿಲ್ಲ. ಗೋಡೆಯಾಚೆ ಓಣಿಯಲ್ಲಿ ಗುಮಾಸ್ತನ ಹೆಂಡತಿ ನಡಿಗೆ ನಿಧಾನ ಮಾಡಿ ಇತ್ತ ನೋಡುತ್ತಿದ್ದಳು. ಲಾಂಡ್ರಿ ಅಕ್ಕ ದನಿ ತಗ್ಗಿಸಿದಳು.

“ನಿನ್ನೆ ಒಬ್ಬ ವ್ಯಾನು ಹತ್ತಿದ. ಅವನ ಬೆನ್ನಿಗೇ ನನ್ನವನೂ ಮಾಯವಾದ್ರೆ ಕೂಡಿಸಿ ನೋಡೋರು ಇರ್ತಾರೆ ಟೀಚರಮ್ಮ.”

ಆ ಲೆಕ್ಕವನ್ನು ಟೀಚರಮ್ಮ ಹಾಕಿರಲಿಲ್ಲ.

ಲಾಂಡ್ರಿ ಅಕ್ಕ ಟ್ರಂಕಿನಿಂದ ಇನ್ನೊಂದು ಬಿಳಿ ಅಂಗಿ ತೆಗೆದಳು. ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ. ಮಡಿಕೆ ಬಿಡಿಸಿ ಬಕೆಟ್ಟಿನಲ್ಲಿ ಮುಳುಗಿಸಿ, ಕೊಳೆಯಿಲ್ಲದ ಕಾಲರನ್ನು ಎರಡು ಸಲ ಉಜ್ಜಿದಳು. ಹಿಂಡಿ, ಕೊಡವಿ, ಓಣಿಗೆ ತೀರ ಹತ್ತಿರದ ತಂತಿಯ ಮೇಲೆ, ತೋಳುಗಳೆರಡೂ ಹೊರಗಿನವರಿಗೆ ಕಾಣುವ ಹಾಗೆ ಹರಡಿ ಕ್ಲಿಪ್ಪು ಸಿಕ್ಕಿಸಿದಳು.